ಅಕ್ಕಿಕಾಳಿನಷ್ಟು ಗಾಯ

ಗರ್ಭಕೋಶದ ಕೊರಳಿನಿಂದ ಚೂರು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದೊಡನೆ ನಮ್ಮ ಹೆಣ್ಣುಮಕ್ಕಳ ಎದೆ ನಡುಗುತ್ತದೆ. ಕತ್ತರಿ ತಗುಲಿದರೆ ರೋಗ ಕೆರಳೀತೆಂಬ ಅಂಜಿಕೆ ಇನ್ನೂ ಅಳಿದಿಲ್ಲ. ಈ ಅಂಜಿಕೆಯ ಹಿಂದೆ ಒಂದು ಇತಿಹಾಸವೂ ಉಂಟು.

1878ರ ಸುಮಾರಿಗೆ ಬರ್ಲಿನ್ನಿನ ಕಾರ್ಲ್ ರೂಗೆ, ಯೋಹಾನ್ ಫೈಟ್ ಎಂಬ ವೈದ್ಯರು ಇಂತಹ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವ್ಯಾಧಿಯನ್ನು ಗುರುತಿಸತೊಡಗಿದರು. ಜೀವಂತ ದೇಹದಿಂದ ಚೂರು ತೆಗೆದು ನೋಡುವ ಪರೀಕ್ಷೆಗೆ ‘ಬಯಾಪ್ಸಿ’ ಎಂಬ ಹೆಸರು 1879ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಆದರೆ ಆಗ ಕಣ್ಣಿಗೆ ಕಾಣುವಷ್ಟು ಬೆಳೆದ ಹುಣ್ಣು ಮಾತ್ರ ಪರೀಕ್ಷೆಗೆ ಸಿಕ್ಕುತ್ತಿತ್ತು. ಅಷ್ಟರಲ್ಲಿ ಕಾಲ ಮೀರಿರುತ್ತಿತ್ತು. ಪರೀಕ್ಷೆಯ ಬೆನ್ನಿಗೇ ಸಾವು ಬಂದರೆ ಜನ ಕತ್ತರಿಯನ್ನೇ ದೂರುವುದರಲ್ಲಿ ಆಶ್ಚರ್ಯವೇನು?

1925ರಲ್ಲಿ ಜರ್ಮನಿಯ ಹಾನ್ಸ್ ಹಿನ್ಸೆಲ್‌ಮನ್ ರೂಪಿಸಿದ ಕಾಲ್ಪೊಸ್ಕೋಪು ಆ ಭಾಗವನ್ನು ಹಿಗ್ಗಿಸಿ ತೋರಿಸಿತು. 1940ರ ದಶಕದಲ್ಲಿ ಅಮೆರಿಕದ ಪಾಪನಿಕೊಲಾವು ಅವರ ‘ಪ್ಯಾಪ್’ ಪರೀಕ್ಷೆ ಬಳಕೆಗೆ ಬಂದಿತು. ಹುಣ್ಣಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕೆಡುಕನ್ನು ಕಾಣುವುದು ಸಾಧ್ಯವಾಯಿತು. ಸಾವಿನ ಮುನ್ಸೂಚನೆಯಾಗಿದ್ದ ಕತ್ತರಿ ಪ್ರಾಣರಕ್ಷಣೆಯ ಸಾಧನವಾಯಿತು.

ಗಾಯವಾದರೋ ಅಕ್ಕಿಕಾಳಿನಷ್ಟು. ರಕ್ತ ನಿಲ್ಲಿಸಲು ಹಚ್ಚುವ ಕಬ್ಬಿಣದ ಲವಣದ ಮದ್ದು 1850ರ ದಶಕದಲ್ಲಿ ಫ್ರೆಂಚ್ ಸೇನೆಯ ಔಷಧತಜ್ಞ ಮೊನ್ಸೆಲ್ ಕೊಟ್ಟದ್ದು. ಅದರಿಂದಾಗಿ ಕೆಲವು ದಿನ ಕಾಫಿಚರಟದಂತೆ ಕಪ್ಪಗೆ ಸ್ರಾವವಾದರೆ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಒಂದು ವಾರವಾದರೂ ಪತಿಯ ಸಂಗವಿರಬಾರದು. ಭಾರ ಎತ್ತುವ ಕೆಲಸಕ್ಕೂ ಬಿಡುವು ಬೇಕು. ರಕ್ತ ಹೆಚ್ಚಾಗಿ ಹೋದರೆ, ಜ್ವರ ಬಂದರೆ, ದುರ್ವಾಸನೆಯಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕನ್ನಡನಾಡಿನಲ್ಲಿ ಈ ವ್ಯಾಧಿಗೆಂದೇ ದೊಡ್ಡ ಆಸರೆಯಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಆರಂಭವಾಯಿತು. ಆದರೆ ಹಿರೇನಲ್ಲೂರಿನಂತಹ ಹೋಬಳಿಯ ಹೆಂಗಸು ಕಡೂರಿಗೆ ಬಂದು ರೈಲು ಹಿಡಿದು ಅಲ್ಲಿಗೆ ಹೋಗಿಬಂದರೂ, ಮರುದಿನ ಅವಳಿಗಾಗಿ ಕಾದಿರುವುದು ನೀರಿನ ಕೊಡ. ಬಾಣಂತಿಗೆ ಬಿಡುವು ಕೊಡುವ ಸಂಪ್ರದಾಯ ನಮ್ಮ ಮನೆಗಳಲ್ಲುಂಟು. ಈ ಗಾಯಕ್ಕೆ ಅಂತಹ ಸಂಪ್ರದಾಯವಿಲ್ಲ. ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೆ ವಿಶ್ರಾಂತಿಯಿಲ್ಲ.

ಇನ್ನೊಂದು ಮಾತು. ಕೆಲವೇ ದಿನಗಳಲ್ಲಿ ಗಾಯ ಮಾಯುತ್ತದೆ, ನೋವೂ ಮರೆಯುತ್ತದೆ. ಅದರೊಂದಿಗೆ ಪರೀಕ್ಷೆಯ ಫಲಿತಾಂಶವೂ ಮರೆತುಹೋದರೆ ಅನುಭವಿಸಿದ್ದೆಲ್ಲ ವ್ಯರ್ಥ. ಆ ಕಾಗದವನ್ನು ತರಲು ಹೋಗುವ ದಿನ ಮನೆಯವರೊಬ್ಬರು ಅವಳ ಜೊತೆಯಲ್ಲಿರಬೇಕು.