ಪರಿಧಾವಿ ಸಂವತ್ಸರದ ಬರ ಮತ್ತು ನಮ್ಮ ಮನೆಗಳು

ನಮ್ಮ ಸೀಮೆಯ ಹಿರಿಯರು ಬರಗಾಲಗಳನ್ನು ಸಂವತ್ಸರದ ಹೆಸರಿನಿಂದಲೇ ಗುರುತಿಸುತ್ತಿದ್ದರು. 1876-78ರದು ಧಾತು-ಈಶ್ವರ ಸಂವತ್ಸರಗಳ ಬರ. ಅಂದು ಮುಂಬಯಿ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ್ದು ಆಂಗ್ಲ ಸರಕಾರದ ಕಾರ್ಪಣ್ಯಕ್ಕೆ ಸಾಕ್ಷಿ. ನಾವು ಕಣ್ಣಾರೆ ಕಂಡದ್ದು 1972ರ ಪರಿಧಾವಿ ಸಂವತ್ಸರದ ಬರ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳು ಹಿಂಗಾರಿ ಜೋಳವನ್ನು ನಂಬಿದ ಸೀಮೆ. ಹಿಂದಿನ ಎರಡು ವರ್ಷಗಳ ಮಳೆಯ ಕೊರತೆಯಿಂದ ಹಗೇವುಗಳು ಬರಿದಾಗಿದ್ದಾಗ ಮೂರನೆಯ ವರ್ಷವೂ ಮಳೆ ಕೈಕೊಟ್ಟಿತು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರು ಸುಮಾರು 50 ಲಕ್ಷ ಜನ. ಖಡಿ ಒಡೆಯುವುದು, ರಸ್ತೆಗೆ ಮಣ್ಣು ಹೊರುವುದು, ಪಾಝರ ತಲಾವು ಕಟ್ಟುವುದು ಅವರ ಕೆಲಸ. ಆಗತಾನೆ ಬಿ.ಎ. ಮುಗಿಸಿದ್ದ ನಾವು ಅಂಥದೊಂದು ಖಡಿ ಕೆಲಸದಲ್ಲಿ ಹಾಜರಿ ಬರೆಯಲು ನಿಂತೆವು. ಹೊಲಮನೆಯುಳ್ಳ ಒಕ್ಕಲಿಗರ ಹೆಣ್ಣುಮಕ್ಕಳು ಮೊದಲ ದಿನ ಸೆರಗು ಮುಖಕ್ಕೆಳೆದುಕೊಂಡು ಬುಟ್ಟಿ ಹೊತ್ತರು. ವಾರ ಕಳೆಯುವಷ್ಟರಲ್ಲಿ ಆ ಸಂಕೋಚವೂ ಉಳಿಯಲಿಲ್ಲ. ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಟ್ಟುವಾಗಲೇ ಬಿರಿಯುತ್ತಿತ್ತು. ಆದರೂ ಒಲೆ ಆರಲಿಲ್ಲ. ಧಾತು ಬರದ ಸಾವುನೋವು ಮರುಕಳಿಸಲಿಲ್ಲವೆಂದು ಇತಿಹಾಸಕಾರರು ಬರೆಯುತ್ತಾರೆ. ಅದು ದಿಟ, ಮತ್ತು ಸಣ್ಣ ಮಾತಲ್ಲ.

ಆದರೆ ಮನೆಯ ಲೆಕ್ಕವೇ ಬೇರೆ. ಮೊದಲು ಹೋದದ್ದು ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಆಮೇಲೆ ನಮ್ಮ ತಾಯಿಯವರ ಬುಗುಡಿ, ಕಡೆಗೆ ಎತ್ತು. ಮೇವಿಲ್ಲದೆ ಊರಿಗೆ ಊರೇ ಎತ್ತು ಮಾರಲು ಹೊರಟಾಗ ಸಂತೆಯಲ್ಲಿ ಕೊಳ್ಳುವವರು ಹೇಳಿದ್ದೇ ಬೆಲೆ. ಮರುವರ್ಷ ಮಳೆಯಾಯಿತು. ಆಗ ಎಲ್ಲರಿಗೂ ಒಮ್ಮೆಲೇ ಎತ್ತು ಬೇಕಾದವು; ಮಾರಿದ ಜೋಡಿಯ ಹಣಕ್ಕೆ ಒಂಟಿ ಎತ್ತೂ ದೊರೆಯಲಿಲ್ಲ. ಹದವಾದ ಹೊಲವನ್ನು ಪಾಲಿಗೆ ಕೊಟ್ಟ ಮನೆಗಳಲ್ಲಿ ನಮ್ಮದೂ ಒಂದು.

ಈ ಬರದ ಅನುಭವದಿಂದ ಗಟ್ಟಿಗೊಂಡ ಉದ್ಯೋಗ ಖಾತರಿ ಯೋಜನೆ 1977ರಲ್ಲಿ ಮಹಾರಾಷ್ಟ್ರದ ಶಾಸನವಾಯಿತು. 2005ರಲ್ಲಿ ದೇಶಕ್ಕೇ ಅಂಥ ಕಾನೂನು ಬಂದಾಗ ಅದರ ಬೇರು ನಮ್ಮ ಖಡಿ ರಾಶಿಗಳಲ್ಲಿದೆಯೆಂದು ನಾವು ಹೆಮ್ಮೆಪಟ್ಟೆವು.

ಮುಂದೆ ನಾವು ಮುಖ್ಯಾಧ್ಯಾಪಕರಾದ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆವು. 1972-73ರ ಪುಟಗಳಲ್ಲಿ ಹಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ದೀರ್ಘ ಗೈರುಹಾಜರಿ ಎಂದಿತ್ತು. ಹುಡುಗರಲ್ಲಿ ಕೆಲವರು ಮರುವರ್ಷ ಹಿಂದಿರುಗಿದ್ದರು. ಹುಡುಗಿಯರಲ್ಲಿ ಒಬ್ಬಳೂ ಇಲ್ಲ. ಅವರಲ್ಲಿ ಇಬ್ಬರ ಹೆಸರು ನಮಗೆ ಗೊತ್ತಿದ್ದುವೇ: ತಂದೆಯಂದಿರು ಕೈಮುಗಿದು ಕೇಳಿಕೊಂಡರೆಂದು, ಖಡಿಯ ಹಾಜರಿ ಪುಸ್ತಕದಲ್ಲಿ ಅವರ ವಯಸ್ಸನ್ನು ಹದಿನೆಂಟೆಂದು ಬರೆದಿದ್ದವರು ನಾವೇ. ಶಾಲೆಯ ಪುಸ್ತಕದಲ್ಲಿ ಒಬ್ಬಳಿಗೆ ಹದಿಮೂರು, ಇನ್ನೊಬ್ಬಳಿಗೆ ಹನ್ನೆರಡು.