ಯಾವಗಲ್ ಬಸ್ಸಿನ ಲೆಕ್ಕ: ತಂತ್ರಾಂಶದಲ್ಲಿ ‘ಪ್ಲಾನಿಂಗ್ ಎಂಟಿಟಿ’ ಗುರುತಿಸುವ ಬಗೆ

ಗದಗ ಜಿಲ್ಲೆಯ ರೋಣ–ನರಗುಂದ ಮಾರ್ಗದಲ್ಲಿರುವ ಯಾವಗಲ್ ಬಳಿ ಬೆಣ್ಣೆಹಳ್ಳ ಹರಿಯುತ್ತದೆ. ಮಳೆಗಾಲದಲ್ಲಿ ಹಳ್ಳ ಉಕ್ಕಿ ರಸ್ತೆಯ ಮೇಲೆ ನೀರು ಬಂದರೆ ಬಸ್ ಸಂಚಾರ ನಿಲ್ಲುತ್ತದೆ. ಯಾವ ಟ್ರಿಪ್ ರದ್ದು, ಯಾವುದು ಸುತ್ತುದಾರಿಯಲ್ಲಿ, ಯಾವ ಚಾಲಕ ಎಲ್ಲಿಗೆ ಎಂಬ ಲೆಕ್ಕವನ್ನು ಆಗ ಹೊಸದಾಗಿ ಹಾಕಬೇಕಾಗುತ್ತದೆ. ಕಾಲೇಜಿಗೆ ಹೋದ ವಿದ್ಯಾರ್ಥಿಗಳು ಸಂಜೆ ಊರು ಸೇರುವುದು ಈ ಲೆಕ್ಕವನ್ನೇ ಅವಲಂಬಿಸಿದೆ.

40 ಟ್ರಿಪ್‌ಗಳಿಗೆ 10 ಚಾಲಕರನ್ನು ಹಂಚುವ ಸಾಧ್ಯತೆಗಳನ್ನು ಎಣಿಸಿದರೆ 1ರ ಮುಂದೆ 40 ಸೊನ್ನೆಗಳ ಸಂಖ್ಯೆ ಬರುತ್ತದೆ. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವುದು ಗಣಕಯಂತ್ರಕ್ಕೂ ಅಸಾಧ್ಯ. ಇಂಥ ಸಮಸ್ಯೆಗಳಿಗೆಂದೇ ಜಾವಾ ಭಾಷೆಯಲ್ಲಿ ರೂಪುಗೊಂಡದ್ದು ‘ಆಪ್ಟಾಪ್ಲ್ಯಾನರ್’. ಬೆಲ್ಜಿಯಂನ ಜೆಫ್ರಿ ಡಿ ಸ್ಮೆಟ್ 2006ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಈ ಹೆಸರು ಬಂದದ್ದು 2013ರಲ್ಲಿ. 2023ರಲ್ಲಿ ಇದರಿಂದಲೇ ಕವಲೊಡೆದ ‘ಟೈಮ್‌ಫೋಲ್ಡ್’ ಕೂಡ ಇದೇ ಮಾದರಿಯನ್ನು ಅನುಸರಿಸುತ್ತದೆ.

ಬದಲಾಗುವುದು ಯಾವುದು?

ಲೆಕ್ಕ ನಡೆಯುವಾಗ ಬದಲಾಗದ ಸಂಗತಿಗಳನ್ನು ‘ಪ್ರಾಬ್ಲಮ್ ಫ್ಯಾಕ್ಟ್’ ಎನ್ನಲಾಗುತ್ತದೆ. ಇಲ್ಲಿ ಚಾಲಕರು ಹಾಗೂ ಬಸ್ಸುಗಳು ಈ ಗುಂಪಿಗೆ ಸೇರುತ್ತವೆ. ಲೆಕ್ಕದ ವೇಳೆ ತಂತ್ರಾಂಶ ತಾನೇ ಬದಲಿಸುವ ವಸ್ತುವೇ ‘ಪ್ಲಾನಿಂಗ್ ಎಂಟಿಟಿ’. ಅದರಲ್ಲಿ ಬದಲಾಗುವ ಅಂಶ ‘ಪ್ಲಾನಿಂಗ್ ವೇರಿಯಬಲ್’.

ಒಬ್ಬ ಚಾಲಕ ದಿನಕ್ಕೆ ಹಲವು ಟ್ರಿಪ್ ಓಡಿಸುತ್ತಾನೆ. ಒಂದು ಟ್ರಿಪ್‌ಗೆ ಚಾಲಕ ಒಬ್ಬನೇ. ಇಂಥ ಸಂಬಂಧದಲ್ಲಿ ‘ಹಲವು’ ಇರುವ ಕಡೆಯನ್ನೇ ಎಂಟಿಟಿಯಾಗಿ ಆರಿಸಬೇಕೆಂಬುದು ರೂಢಿಯ ಸೂತ್ರ. ಹೀಗಾಗಿ ಟ್ರಿಪ್ ಎಂಟಿಟಿ. ಚಾಲಕ ಮತ್ತು ಬಸ್ ಅದರ ಎರಡು ವೇರಿಯಬಲ್‌ಗಳು. ತಿರುವುಮುರುವಾಗಿಸಿ ಚಾಲಕನಿಗೆ ಒಂದು ಟ್ರಿಪ್ ಅಂಟಿಸಿದರೆ ಆತನಿಗೆ ಎರಡನೆಯ ಟ್ರಿಪ್ ಕೊಡಲಾಗದು; ಒಂದೇ ಟ್ರಿಪ್‌ಗೆ ಇಬ್ಬರು ಬೀಳುವ ಅಪಾಯವೂ ಉಂಟು. ಚಾಲಕನಿಗೆ ಟ್ರಿಪ್‌ಗಳ ಅನುಕ್ರಮ ಪಟ್ಟಿಯನ್ನೇ ನೀಡುವ ‘ಲಿಸ್ಟ್ ವೇರಿಯಬಲ್’ ಸೌಲಭ್ಯ ಹೊಸ ಆವೃತ್ತಿಗಳಲ್ಲಿದೆ.

ಬರೆಯುವಾಗ ಗಮನಿಸಬೇಕಾದುದು

ಟ್ರಿಪ್ ಎಂಬ ಕ್ಲಾಸ್‌ನ ತಲೆಯ ಮೇಲೆ ‘ಪ್ಲಾನಿಂಗ್ ಎಂಟಿಟಿ’ ಎಂಬ ಅನೊಟೇಶನ್, ಬದಲಾಗುವ ಎರಡು ಫೀಲ್ಡ್‌ಗಳ ಮೇಲೆ ‘ಪ್ಲಾನಿಂಗ್ ವೇರಿಯಬಲ್’ ಬರೆಯಬೇಕು. ಪ್ರತಿ ಟ್ರಿಪ್‌ಗೂ ಪ್ರತ್ಯೇಕ ‘ಪ್ಲಾನಿಂಗ್ ಐಡಿ’ ನೀಡಬೇಕು. ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇರಲೇಬೇಕು. ಹ್ಯಾಶ್‌ಕೋಡ್ ಲೆಕ್ಕಕ್ಕೆ ಚಾಲಕನ ಫೀಲ್ಡ್ ಸೇರಿಸುವುದು ಹೊಸಬರ ಸಾಮಾನ್ಯ ತಪ್ಪು. ಚಾಲಕ ಬದಲಾದೊಡನೆ ಹ್ಯಾಶ್ ಕೂಡ ಬದಲಾಗಿ ಸಂಗ್ರಹದಲ್ಲಿದ್ದ ಟ್ರಿಪ್ ಕೈಗೆ ಸಿಗದಂತಾಗುತ್ತದೆ.

ಎಲ್ಲ ಟ್ರಿಪ್, ಚಾಲಕ, ಬಸ್ಸುಗಳು ಹಾಗೂ ಅಂಕವನ್ನು ‘ಪ್ಲಾನಿಂಗ್ ಸಲ್ಯೂಶನ್’ ಎಂಬ ಕ್ಲಾಸ್ ಒಟ್ಟುಗೂಡಿಸುತ್ತದೆ. ನಿಯಮಗಳು ಬೇರೆಡೆ ಇರುತ್ತವೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿತ್ತು. ಇಂಥ ಮಿತಿ, ಹಾಗೂ ಒಬ್ಬನೇ ಏಕಕಾಲಕ್ಕೆ ಎರಡು ಬಸ್ಸಿನಲ್ಲಿರಬಾರದೆಂಬುದು ‘ಹಾರ್ಡ್’ ನಿಯಮ. ಚಾಲಕ ರಾತ್ರಿ ತನ್ನೂರಿನ ಸಮೀಪ ತಂಗಲಿ ಎಂಬುದು ‘ಸಾಫ್ಟ್’ ಅಪೇಕ್ಷೆ.

ಹಳ್ಳ ಬಂದಾಗ

ಆಗಲೇ ಹೊರಟಿರುವ ಟ್ರಿಪ್‌ಗಳನ್ನು ‘ಪ್ಲಾನಿಂಗ್ ಪಿನ್’ ಮೂಲಕ ಸ್ಥಿರಗೊಳಿಸಿದರೆ ತಂತ್ರಾಂಶ ಅವುಗಳನ್ನು ಮುಟ್ಟದೆ ಉಳಿದವನ್ನಷ್ಟೇ ಮರುಹೊಂದಿಸುತ್ತದೆ. ಎಲ್ಲಕ್ಕೂ ಚಾಲಕರು ಸಾಲದಿದ್ದಲ್ಲಿ ಕೆಲವು ಟ್ರಿಪ್‌ಗಳನ್ನು ಖಾಲಿ ಬಿಡಲು ಅನುಮತಿ ನೀಡಬಹುದು. ಆದರೆ ಸಂಜೆಯ ಕೊನೆಯ ಬಸ್ ಖಾಲಿ ಉಳಿದರೆ ಹೆಚ್ಚಿನ ದಂಡಾಂಕ ಬೀಳಬೇಕೆಂದು ಬರೆದಿಡುವುದು ಮನುಷ್ಯರ ಹೊಣೆ. ಬರೆಯದ ನಿಯಮವನ್ನು ಯಂತ್ರ ಪಾಲಿಸುವುದಿಲ್ಲ.