ಕೊಡದ ನೀರಿನಲ್ಲಿ ಕಾಣದ ವಿಷ: ಹೊಸೂರು–ಕೃಷ್ಣಗಿರಿ ಸೀಮೆಯ ಫ್ಲೋರೈಡ್ ಚರಿತ್ರೆ

ಕೃಷ್ಣಗಿರಿಯ ಸುತ್ತಣ ಬಾರಾಮಹಲ್ 1792ರಲ್ಲಿಯೂ ಹೊಸೂರು ಭಾಗ 1799ರಲ್ಲಿಯೂ ಮೈಸೂರಿನ ಆಳ್ವಿಕೆಯಿಂದ ಬ್ರಿಟಿಷರ ಕೈಸೇರಿ ಸೇಲಂ ಜಿಲ್ಲೆಯ ಭಾಗವಾದವು. ಆಳುವವರು ಬದಲಾದರೂ ಇಲ್ಲಿನ ಕನ್ನಡ, ತೆಲುಗು, ತಮಿಳು ಮನೆಮಾತಿನ ಕುಟುಂಬಗಳು ಕುಡಿಯುವ ನೀರಿಗೆ ನೆಚ್ಚಿಕೊಂಡಿದ್ದುದು ಕೆರೆ, ಕುಂಟೆ ಮತ್ತು ಸೇದುವ ಬಾವಿಗಳನ್ನೇ. ನೀರು ತಿಳಿಯಾಗಿದ್ದು, ವಾಸನೆಯಿಲ್ಲದೆ, ಬೇಳೆ ಚೆನ್ನಾಗಿ ಬೇಯುವಂತಿದ್ದರೆ ಅದು ಒಳ್ಳೆಯ ನೀರೆಂಬ ನಂಬಿಕೆ ಮನೆಮನೆಯಲ್ಲಿತ್ತು. ಆದರೆ ಫ್ಲೋರೈಡ್ ಈ ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ.

ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಎಂಬ ಪುರಾತನ ಶಿಲೆಗಳು. ಅವುಗಳಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಕರಗುತ್ತದೆ, ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದರ ಪ್ರಮಾಣ ಏರುತ್ತದೆ. ಆದುದರಿಂದ ಕೆರೆಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದಂತೆ, ಅಪಾಯವೂ ಅಡುಗೆಮನೆಯವರೆಗೆ ಬಂದಿತು. ಫ್ಲೋರೈಡ್ ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಹಳದಿ ಮತ್ತು ಕಂದು ಕಲೆಗಳು ಮೂಡುವ, ಮುಂದೆ ಮೂಳೆ ಕೀಲುಗಳು ಬಿಗಿದು ಬೆನ್ನು ಬಾಗುವ ಈ ರೋಗವೇ ಫ್ಲೋರೋಸಿಸ್.

ರೋಗ ಹೊಸದಾಗಿ ತಿಳಿದದ್ದೇನೂ ಅಲ್ಲ. ಎಚ್. ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿಯೇ, ಸೇಲಂ ಜಿಲ್ಲೆಯೂ ಸೇರಿದ್ದ ಅದೇ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ ಇದನ್ನು ವಿವರಿಸಿದ್ದರು. ಅಷ್ಟು ಮೊದಲೇ ಕಾರಣ ತಿಳಿದಿದ್ದರೂ ಈ ಸೀಮೆಯ ಮನೆಗಳಿಗೆ ದೊಡ್ಡ ಪ್ರಮಾಣದ ಪರಿಹಾರ ತಲುಪಲು ಮುಕ್ಕಾಲು ಶತಮಾನ ಹಿಡಿದದ್ದು ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಕ್ಷಮಿಸಲಾಗದ ವಿಳಂಬವೇ ಸರಿ.

ಮನೆಮಟ್ಟದ ಉಪಾಯಗಳಲ್ಲಿ ಕುದಿಸಿ ಆರಿಸುವುದು ಅತ್ಯಂತ ಸಾಮಾನ್ಯವಾದದ್ದು. ಅದು ರೋಗಾಣುಗಳನ್ನು ಕೊಲ್ಲುವುದು ನಿಜವಾದರೂ ಫ್ಲೋರೈಡನ್ನು ಮಾತ್ರ ಕಿಂಚಿತ್ತೂ ತೆಗೆಯುವುದಿಲ್ಲ, ಬದಲಿಗೆ ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಫಲವಿಲ್ಲ. ಮುದ್ದೆಯ ಎಸರಿಗೂ ಅನ್ನಕ್ಕೂ ಸಾರಿಗೂ ಅದೇ ಕೊಡದ ನೀರನ್ನು ಬಳಸುವುದರಿಂದ ಫ್ಲೋರೈಡ್ ಅನ್ನದೊಡನೆಯೂ ದೇಹ ಸೇರುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣವನ್ನು ಅಳತೆಯಂತೆ ನೀರಿಗೆ ಬೆರೆಸಿ, ಕಲಕಿ, ಗಸಿ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಸಿದುಕೊಳ್ಳಲಾಗುತ್ತದೆ. ಇದು ಅಗ್ಗವಾದರೂ ಅಳತೆಯನ್ನು ದಿನವೂ ತಪ್ಪದೆ ಪಾಲಿಸಬೇಕಾದ್ದರಿಂದ ಮನೆವಾರ್ತೆಯ ಭಾರ ಹೊತ್ತ ಹೆಂಗಸರ ಮೇಲೆ ಇನ್ನೊಂದು ಹೊರೆಯಾಯಿತು.

ಜಪಾನಿನ ಸಾಲದ ನೆರವಿನಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರನ್ನು ಒಯ್ಯುವ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿದ್ದಾಗ ಕರ್ನಾಟಕದಲ್ಲಿ ತೀವ್ರ ಪ್ರತಿಭಟನೆ ನಡೆಯಿತು. ಯೋಜನೆ 2013ರಲ್ಲಿ ಉದ್ಘಾಟನೆಗೊಂಡಿತು. ನದಿಯ ಹಕ್ಕಿನ ವಾದ ಗಂಭೀರವಾದದ್ದೇ, ಆದರೂ ಹೊಸೂರಿನ ಕನ್ನಡ ಮನೆಗಳ ಮಕ್ಕಳ ಹಲ್ಲು ಮೂಳೆಗಳ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸದೇ ಹೋದದ್ದು ಅನ್ಯಾಯ.

ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕ ಮಿತಿ, ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಂ. ನಲ್ಲಿಯಲ್ಲಿ ನದಿನೀರು ಬಾರದ ದಿನ ಕೊಳವೆಬಾವಿಯ ನೀರನ್ನು ಸ್ನಾನ, ಬಟ್ಟೆ, ಪಾತ್ರೆಗಳಿಗೆ ಬಳಸಿ, ಕೂಡಿಟ್ಟ ನದಿನೀರನ್ನು ಕುಡಿಯಲು ಮತ್ತು ಅಡುಗೆಗೆ ಮಾತ್ರ ಮೀಸಲಿಡಬೇಕು. ಹಲ್ಲಿನ ಎನಾಮಲ್ ರೂಪುಗೊಳ್ಳುವ ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳು ತಮ್ಮ ಕೊಳವೆಬಾವಿಯ ನೀರನ್ನು ತಪ್ಪದೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು.